ತಂಗಡಿಯ ಕಿವಿ

"ನಮ್ಮತ್ತೆ ನಂಗೆ ಯೋಳ್ಕೊಟ್ಟಿದ್ದು ಒಂದೇ ಮಾತು. ಸೊಂಟಕ್ಕೆ ತಾಗಿದ್ರೆ ತಂಗಡಿ, ಪಾದಕ್ಕೆ ತಾಗಿದ್ರೆ ನೆಲತಂಗಡಿ. ಎರಡೂ ಅಕ್ಕತಂಗೇರು, ಎರಡರ ಹೂವೂ ಹಳದಿ. ಆದ್ರೆ ಅಕ್ಕ ಮೈ ತಂಪು ಮಾಡ್ತಾಳೆ, ತಂಗಿ ಹೊಟ್ಟೆ ತೊಳ್ದುಬುಡ್ತಾಳೆ. ಮೇಕೆ ಹಿಂದೆ ಓಡೋಳಿಗೆ ಬಗ್ಗಿ ನೋಡಾಕೆ ಪುರುಸೊತ್ತೆಲ್ಲಿ? ಸೊಂಟದ ಮಟ್ಟಕ್ಕೆ ಕೈ ಆಡಿಸ್ಕಂಡು ಹೋಗ್ತಿದ್ದೆ, ಹೂವು ಮಡ್ಲಿಗೆ ಬೀಳ್ತಿದ್ವು. ಇಷ್ಟು ವರ್ಷ ತಪ್ಪಿರ್ಲಿಲ್ಲ ಕಣಮ್ಮ. ಈಗ ತಪ್ಪೈತೆ. ಎಲ್ಲಿ ತಪ್ತು ಅಂತ ನೋಡ್ದೆ ನಾನು ಬುಡಾಕಿಲ್ಲ."

ತಿರುಮಣಿಯ ಕ್ಯಾತಮ್ಮ ಇದನ್ನು ಹೇಳಿದ್ದು ಸೊಸೆ ಲಾವಣ್ಯಳಿಗೆ. ಹೂವಿನ ಚೀಲ ಅಂದು ಬೆಳಿಗ್ಗೆ ಮನೆಗೆ ವಾಪಸು ಬಂದಿತ್ತು. ತಂದವನು ಟೀ ಅಂಗಡಿಯ ಹುಸೇನ್ ಸಾಬ್. ಬೇಸಿಗೆ ಬಂತೆಂದರೆ ಕ್ಯಾತಮ್ಮ ಒಣಗಿಸಿದ ತಂಗಡಿ ಹೂವಿನ ಕಷಾಯವೇ ಅವನಿಗೆ ಬೇಕು. ಅಂಗಡಿಗೆ ಬಂದವರೂ ಕೇಳಿ ಕುಡಿಯುತ್ತಿದ್ದರು. ಈ ಸಲ ಅದನ್ನು ಕುಡಿದು ತಂಗಿ ಮಗಳ ಮದುವೆಗೆಂದು ವ್ಯಾನು ಹತ್ತಿದವನಿಗೆ, ಶಿರಾ ಮುಟ್ಟುವಷ್ಟರಲ್ಲಿ ದಾರಿಯ ಜಾಲಿ ಪೊದೆಗಳೆಲ್ಲ ಪರಿಚಯವಾಗಿದ್ದವು.

"ಕ್ಯಾತಮ್ಮಕ್ಕ, ನಿನ್ ಕೈ ಮ್ಯಾಲೆ ನಂಗೆ ನಂಬ್ಕೆ ಐತೆ. ನನ್ ಹೊಟ್ಟೆಗಿಲ್ಲ," ಎಂದು ಚೀಲ ಜಗುಲಿಯ ಮೇಲಿಟ್ಟು ಹೋಗಿದ್ದ.

"ಸಾಕು ಬುಡಿ ಅತ್ತೆ," ಎಂದಳು ಲಾವಣ್ಯ. "ವಯಸ್ಸಾಯ್ತು. ಇನ್ನೊಂದ್ಸಲ ಹಿಂಗಾದ್ರೆ ನಿಮ್ಮ ಕೈಯಿಂದ ಯಾರೂ ನೀರೂ ಇಸ್ಕಳಲ್ಲ."

ಆ ಮಾತು ಕ್ಯಾತಮ್ಮನ ಎದೆಗೆ ನಾಟಿತು. ಮರುದಿನ ಮೇಕೆಗಳನ್ನು ಹೊಡೆದುಕೊಂಡು ಹೂವು ಕಿತ್ತ ಜಾಗಕ್ಕೇ ಹೋದಳು. ಊರ ಹೊಲವನ್ನೆಲ್ಲ ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ ಮೇಕೆಗಳಿಗೆ ಉಳಿದಿದ್ದು ತಂತಿ ಬೇಲಿಯ ಹೊರಗಿನ ಅಂಚು. ಅಲ್ಲಿಯ ತಂಗಡಿ ಪೊದೆಗಳನ್ನು ಸೋಲಾರ್ ಫಲಕಗಳಿಗೆ ಬೆಂಕಿ ತಗುಲೀತೆಂದು ಕಂಪನಿಯವರು ಬುಡಕ್ಕೇ ಸವರಿದ್ದರು. ಬೇಸಿಗೆಯ ಅಡ್ಡಮಳೆ ಬಿದ್ದು ಅವು ಗೇಣುದ್ದ ಚಿಗುರಿ ಹೂ ಬಿಟ್ಟಿದ್ದವು. ನಡುನಡುವೆ ನೆಲತಂಗಡಿಯೂ ಅಷ್ಟೇ ಎತ್ತರಕ್ಕೆ ಎದ್ದಿತ್ತು. ಎಲ್ಲವೂ ಹಳೆಯ ತಂಗಡಿಯ ಚಿಗುರೇ ಎಂದುಕೊಂಡು ಅವಳು ಬಾಚಿದ್ದಳು. ಸೊಂಟದ ಅಳತೆ ಈ ಅಂಚಿನಲ್ಲಿ ನಡೆಯುವಂತಿರಲಿಲ್ಲ.

ಕ್ಯಾತಮ್ಮ ಸೆರಗು ಸಿಕ್ಕಿಸಿ ನೆಲಕ್ಕೆ ಕುಳಿತಳು. ಆ ಗಿಡದ್ದೊಂದು ಕಡ್ಡಿ, ಈ ಗಿಡದ್ದೊಂದು ಕಡ್ಡಿ ಮುರಿದು ತೊಡೆಯ ಮೇಲಿಟ್ಟು ನೋಡಿದಳು. ತಂಗಡಿಯ ಕಾಯಿ ಚಪ್ಪಟೆ, ನೆಟ್ಟಗೆ. ನೆಲತಂಗಡಿಯದ್ದು ಕುಡುಗೋಲಿನ ಹಾಗೆ ಬಾಗಿತ್ತು. ಆದರೆ ಹೂವಿನ ಕಾಲದಲ್ಲಿ ಎಲ್ಲ ಗಿಡದಲ್ಲೂ ಕಾಯಿ ಎಲ್ಲಿರುತ್ತದೆ? ಅದು ಸಾಲದು ಎಂದು ಕಡ್ಡಿಯ ಮೇಲೆ ಬೆರಳೆಳೆದಳು. ತಂಗಡಿಯಲ್ಲಿ ಎಲೆತೊಟ್ಟು ಹೊರಡುವಲ್ಲಿ ಕಿವಿಯಂತೆ ಅಗಲವಾದ ಎರಡು ಪುಟ್ಟ ಎಲೆ ಬೆರಳಿಗೆ ಸಿಕ್ಕವು, ಮೇಕೆಮರಿಯ ಕಿವಿಯಷ್ಟು ಮೆತ್ತಗೆ. ನೆಲತಂಗಡಿಯಲ್ಲಿ ಅದೇ ಜಾಗದಲ್ಲಿ ಬರೀ ಸಣ್ಣ ಮೊನೆ. ಇನ್ನೊಂದು ಗಿಡ ನೋಡಿದಳು, ಮತ್ತೊಂದು ನೋಡಿದಳು. ಬಿಸಿಲು ನೆತ್ತಿಗೇರುವವರೆಗೂ ಏಳಲಿಲ್ಲ.

ಅವತ್ತಿನಿಂದ ಬರೀ ಹೂವು ಕೀಳುವುದನ್ನು ಬಿಟ್ಟಳು. ಕಿವಿ ಸಮೇತ ಕಡ್ಡಿಯನ್ನೇ ಕೊಯ್ದು ತಂದು, ಮನೆಯಲ್ಲಿ ಒಂದೊಂದನ್ನೂ ಸವರಿ ನೋಡಿ, ಆಮೇಲೆ ಹೂವು ಬಿಡಿಸಿದಳು. ಲಾವಣ್ಯ ಒಂದು ದಿನ ಬೇಕೆಂದೇ ನೆಲತಂಗಡಿಯ ಕಡ್ಡಿ ಸೇರಿಸಿಟ್ಟಳು. ಕ್ಯಾತಮ್ಮ ಬೇರೆ ಮಾತಾಡುತ್ತಲೇ ಅದನ್ನೆತ್ತಿ ಸೊಸೆಯ ತಲೆಗೆ ಮುಡಿಸಿದಳು.

ಹೂವು ಒಣಗಿದ ಮೇಲೆ ಚೀಲ ಹಿಡಿದು ಹುಸೇನ್ ಸಾಬನ ಅಂಗಡಿಗೆ ಹೋದಳು. "ಕಾಯ್ಸು. ಮೊದ್ಲು ನಾನು ಕುಡೀತೀನಿ. ಕುಡ್ದು ಇಲ್ಲೇ ಬೆಂಚಿನ ಮ್ಯಾಲೆ ಕುಂತಿರ್ತೀನಿ. ಎದ್ದು ಓಡಿದ್ರೆ ನೀನು ಗೆದ್ದಂಗೆ."

"ಯಾ ಅಲ್ಲಾ! ಅಂಗಡಿ ಮುಂದೇನಾ?" ಎಂದ ಹುಸೇನ್ ಸಾಬ್.

ಕುಡಿದು ಕುಳಿತಳು. ಹೋಗಿಬರುವವರಿಗೆ ನಗೆಯೋ ನಗೆ. "ಕ್ಯಾತಮ್ಮ, ಇನ್ನೂ ಕುಂತಿದ್ದೀಯಾ? ಚೊಂಬು ತರ್ಲಾ?" ಎಂದ ಟೀ ಕುಡಿಯಲು ಬಂದ ಸಣ್ಣರಂಗಯ್ಯ. "ನಿನ್ ಪಾಲಿಗೆ ಇಟ್ಕೋ ಕಣ್ಲಾ," ಎಂದಳು, ಕಾಲು ಕದಲಿಸದೆ. ಮಧ್ಯಾಹ್ನವಾಯಿತು, ಬಿಸಿಲು ಬಾಡಿತು. ಆಗ ಮಂಡಿ ಹಿಡಿದುಕೊಂಡು ಎದ್ದಳು.

"ಅಕ್ಕಾ, ನೀನ್ ಎದ್ದೆ, ನಾನ್ ಗೆದ್ದೆ!"

"ಮೇಕೆಗೆ ನೀರು ನಿಮ್ಮಪ್ಪ ಕುಡಿಸ್ತಾನಾ?"

ಹುಸೇನ್ ಸಾಬ್ ಗೊಳ್ಳನೆ ನಕ್ಕು, ಚೀಲ ಎತ್ತಿ ತನ್ನ ಡಬ್ಬಿಗೆ ಸುರಿದುಕೊಂಡ. ಕ್ಯಾತಮ್ಮ ಮನೆಗೆ ಬಂದು ಬಿಂದಿಗೆ ಬಗ್ಗಿಸಿ ತೊಟ್ಟಿಗೆ ನೀರು ಹೊಯ್ದಳು. ನುಗ್ಗಿ ಬಂದ ಮರಿಯ ಕಿವಿ ಹಿಡಿದು ಪಕ್ಕಕ್ಕೆ ಸರಿಸಿ, ಮುದಿ ಮೇಕೆಗೆ ಜಾಗ ಮಾಡಿಕೊಟ್ಟಳು.