ಕಂಚಿನ ಪದಕ ಹೊತ್ತ ಶುಕ್ರವಾರ

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ನಾನು ನನ್ನ ಕೆತ್ತನೆ ಅಂಗಡಿಯ ಶಟರ್ ಎಳೆಯುತ್ತಿದ್ದಾಗ ಒಬ್ಬ ಓಡಿ ಬಂದ. ನಮ್ಮ ಪುಣೆಯವನೇ, ಯಹೂದಿ. ಅವರ ಅಂತರರಾಷ್ಟ್ರೀಯ ಕ್ರೀಡಾಕೂಟದಲ್ಲಿ ಫುಟ್‌ಬಾಲ್ ಆಡಿ ಕಂಚು ಗೆದ್ದಿದ್ದ. ಪದಕದ ಮೇಲೆ ಹೆಸರು ಕೆತ್ತಿಸಬೇಕಿತ್ತು. ಸಂಜೆ ಅವರ ಪ್ರಾರ್ಥನಾ ಮಂದಿರದಲ್ಲಿ ಸನ್ಮಾನ.

"ಒಂದರಿಂದ ನಾಲ್ಕು ಬಂದ್," ಎಂದೆ.

"ಕಾಕಾ, ಸೂರ್ಯ ಮುಳುಗಿದರೆ ನಮ್ಮ ಸಬ್ಬತ್ ಶುರು, ನಮ್ಮದೂ ಬಂದ್. ನಾಳೆ ಸಂಜೆಯ ತನಕ ಬೀದಿಯಲ್ಲಿ ಏನೂ ಹೊರುವಂತಿಲ್ಲ."

"ನಾಲ್ಕಕ್ಕೆ ಬಾ."

ಮೆಟ್ಟಿಲ ಮೇಲೇ ಕೂತ. ನಾನು ನಿದ್ದೆ ಮುಗಿಸಿ ನಾಲ್ಕಕ್ಕೆ ಎದ್ದು ಕೆತ್ತಲು ಶುರುಮಾಡಿದೆ. ಅವನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಅವನು ಪದಕ ಮುಟ್ಟಲಿಲ್ಲ. ನನ್ನ ಮುಖ ನೋಡಿದ.

ಪದಕವನ್ನು ನಾನೇ ಕೊರಳಿಗೆ ಹಾಕಿಕೊಂಡು ಅವನ ಜೊತೆ ನಡೆದೆ. ಮಂದಿರದ ಬಾಗಿಲಲ್ಲಿ ಒಬ್ಬ ಮುದುಕ ನನ್ನ ಹೊಟ್ಟೆ ನೋಡಿ, "ಗೋಲ್‌ಕೀಪರ್ ಏನ್ರೀ?" ಎಂದ. ನಾನು ಒಳಗೆ ನಡೆದೆ. ಒಳಗಿದ್ದವರೆಲ್ಲ ಎದ್ದು ನನಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಪದಕ ತೆಗೆದು ಅವನ ಕೊರಳಿಗೆ ಹಾಕಿದೆ.