ಭಾವಾಭಿನಯ

ನಮ್ಮ ಕಟ್ಟಡದ ಲಿಫ್ಟು ಬಲು ನಿಧಾನಿ. ಅದು ನೆಲಮಹಡಿ ಬಿಟ್ಟು ನಮ್ಮ ಮಹಡಿ ಮುಟ್ಟುವಷ್ಟರಲ್ಲಿ ಒಂದು ಸಿನಿಮಾದ ಹಣೆಬರಹ ಇತ್ಯರ್ಥವಾಗಿಬಿಟ್ಟಿರುತ್ತದೆ. ಭಾನುವಾರ ಸಂಜೆ ಪಕ್ಕದೂರು ಕಲ್ಯಾಣದ ಮಾಲಿನಲ್ಲಿ ಸಿನಿಮಾ ನೋಡಿ ಮರಳಿದವರು, ಉಳಿದ ಪಾಪ್‌ಕಾರ್ನಿನ ಪೊಟ್ಟಣವನ್ನು ಎದೆಗೊತ್ತಿಕೊಂಡು, ಸೆಕೆಂಡ್ ಹಾಫ್ ಬೋರು ಎನ್ನುತ್ತಾರೆ, ಹೀರೋಗೆ ವಯಸ್ಸಾಯಿತು ಎನ್ನುತ್ತಾರೆ, ಆ ಹುಡುಗಿ ಅತ್ತರೆ ನಮಗೆ ನಗು ಬರುತ್ತದೆ ಎನ್ನುತ್ತಾರೆ. ನಾನೂ ಹಿಂದೆ ಬಿದ್ದವಳಲ್ಲ. ಎಷ್ಟೋ ಜನ ತಿಂಗಳುಗಟ್ಟಲೆ ಬೆವರು ಸುರಿಸಿ ತೆಗೆದದ್ದನ್ನು ಡೊಂಬಿವಲಿಯ ಈ ಪುಟ್ಟ ಪೆಟ್ಟಿಗೆಯೊಳಗೆ ನಿಂತು, ಬೆವರು ಒರೆಸಿಕೊಳ್ಳುತ್ತಲೇ, ಒಂದು ಮಾತಿನಲ್ಲಿ ತಳ್ಳಿಹಾಕಿದ್ದೇನೆ. ನೀವೂ ಇಂಥದ್ದೇ ಒಂದು ಲಿಫ್ಟಿನಲ್ಲೋ ಲೋಕಲ್ಲಿನಲ್ಲೋ ಇದನ್ನೇ ಮಾಡಿದ್ದೀರಿ ಎಂದು ನನಗೆ ಗೊತ್ತು. ಪರದೆಯ ಮೇಲಿನವರು ನಮಗೆ ಏನೂ ಆಗಬೇಕಾದವರಲ್ಲ. ಅಭಿಪ್ರಾಯ ಅಷ್ಟು ಸಲೀಸಾಗಿ ನಾಲಗೆಗೆ ಬರುವುದು ಅದಕ್ಕೇ ಇರಬೇಕು.

ಆದರೆ ಈಚೆಗೆ ಯಾರಾದರೂ ಪಿಕ್ಚರ್ ಹೇಗಿತ್ತು ಎಂದು ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ಯಾಕೆಂದರೆ ಪರದೆಯ ಮೇಲೆ ನನ್ನ ಭಾವ ಬಂದುಬಿಟ್ಟರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಪ್ರಾಯವೆಲ್ಲ ಕಲ್ಯಾಣ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೊಟೇಲು ನಡೆಸಿ, ಮೊಣಕಾಲು ಕೈಕೊಟ್ಟ ಮೇಲೆ ತಮ್ಮನಿಗೆ ವಹಿಸಿ, ಈಗ ಠಾಕುರ್ಲಿಯ ಮನೆಯಲ್ಲಿ ಇದ್ದಾರೆ. ತುಂಬು ಬಿಳಿಗೂದಲು, ಅಗಲ ಹಣೆ, ಗಲ್ಲಾದ ಮೇಲೆ ಕೂತು ನೆಟ್ಟಗಾದ ಬೆನ್ನು. ಒಂದು ಮದುವೆಯಲ್ಲಿ ಯಾರೋ ಈ ರೂಪವನ್ನು ಕಂಡು ಜಾಹೀರಾತಿಗೆ ಕರೆದೊಯ್ದರು. ಮಂಡಿನೋವಿನ ಎಣ್ಣೆಯ ಜಾಹೀರಾತು. ನಿಜವಾದ ಮಂಡಿನೋವನ್ನು ಹಲ್ಲುಕಚ್ಚಿ ನುಂಗಿಕೊಂಡು, ನೋವು ಹೋದವರಂತೆ ನಗುನಗುತ್ತ ಮೆಟ್ಟಿಲು ಹತ್ತಿದರು ನಮ್ಮ ಭಾವ. ಅಲ್ಲಿಂದ ಒಂದು ಹಿಂದಿ ಸಿನಿಮಾ, ಅದರಲ್ಲಿ ಒಂದೇ ಒಂದು ಸೀನು. ಇಷ್ಟು ವರ್ಷ ಪಾತ್ರೆಗಳ ನಡುವೆ ಇದ್ದವರಿಗೆ ಈಗ ಪಾತ್ರ ಸಿಕ್ಕಿತು ಎಂದು ನಾವೆಲ್ಲ ತಮಾಷೆ ಮಾಡಿದೆವು. ಎಂಥ ಪಾತ್ರ ಎಂದು ಕೇಳಿದರೆ, "ಎಂತ ಇಲ್ಲ ಮಾರಾಯ್ತಿ, ಬಾಗಿಲು ತೆಗೆಯುವುದು" ಎಂದಷ್ಟೇ ಹೇಳಿದರು.

ಸಿನಿಮಾ ಬಿಡುಗಡೆಯಾದಾಗ ನಾನೂ ಅಕ್ಕನೂ ಹೋದೆವು. ಭಾವ ಕಾಲುನೋವಿನ ನೆಪ ಹೇಳಿ ಬರಲಿಲ್ಲ.

ಅರ್ಧ ಕಥೆ ಕಳೆದ ಮೇಲೆ ಪರದೆಯ ಮೇಲೆ ಒಂದು ಬಾಗಿಲು. ಗಂಡನ ಮನೆ ಬಿಟ್ಟು ಬಂದ ಹುಡುಗಿಯೊಬ್ಬಳು ಚೀಲ ಹಿಡಿದು ಹೊರಗೆ ನಿಂತಿದ್ದಾಳೆ. ಬಾಗಿಲು ತೆರೆಯುತ್ತದೆ. ಭಾವ. ಅವಳನ್ನೇ ನೋಡುತ್ತಾರೆ, ಕಣ್ಣು ತುಂಬುತ್ತದೆ, ತಲೆಯ ಮೇಲೆ ಕೈಯಿಟ್ಟು ಹೇಳುತ್ತಾರೆ: "ಅಂದರ್ ಆ ಬೇಟಾ. ಪೆಹಲೇ ಖಾನಾ ಖಾ." ಒಳಗೆ ಬಾ ಮಗು, ಮೊದಲು ಊಟ ಮಾಡು ಎಂದು. ದನಿ ಮಾತ್ರ ಅವರದಲ್ಲ. ನಮ್ಮ ಹೊಟೇಲು ಹಿಂದಿ ಸಿನಿಮಾದವರಿಗೆ ಹಿಡಿಸಲಿಲ್ಲವೋ ಏನೋ, ಬೇರೆ ಯಾರದೋ ಗಂಭೀರ ಕಂಠವನ್ನು ಆ ಮುಖಕ್ಕೆ ಅಂಟಿಸಿದ್ದರು.

ಪಕ್ಕದಲ್ಲಿ ಅಕ್ಕ ಬಗ್ಗಿ ತನ್ನ ಚಪ್ಪಲಿ ಹುಡುಕತೊಡಗಿದಳು. ಚಪ್ಪಲಿ ಕಾಲಲ್ಲೇ ಇತ್ತು.

ಯಾಕೆಂದು ನಿಮಗೆ ಹೇಳಬೇಕು. ಅಕ್ಕ-ಭಾವನಿಗೆ ಒಬ್ಬಳೇ ಮಗಳು, ವೀಣಾ. ಭಾವ ತಾವೇ ಹುಡುಕಿ, ಊರೆಲ್ಲ ಕರೆದು ಅವಳ ಮದುವೆ ಮಾಡಿದ್ದರು. ಒಂದು ವರ್ಷ ತುಂಬುವ ಮೊದಲೇ ಅವಳು, ಇನ್ನು ಅಲ್ಲಿರಲಾರೆ ಎಂದು, ಚೀಲ ಹಿಡಿದು ಠಾಕುರ್ಲಿಯ ಬಾಗಿಲಿಗೆ ಬಂದಳು. ಬಾಗಿಲು ತೆಗೆದವರು ಭಾವನೇ. "ನಾಳೆ ಬೆಳಿಗ್ಗೆ ನಾನೇ ವಾಪಸ್ ಬಿಟ್ಟು ಬರ್ತೇನೆ" ಎಂದರು. ಅವಳು ಬೆಳಗಿನವರೆಗೆ ಕಾಯಲಿಲ್ಲ. ಹೊಸ್ತಿಲು ದಾಟದೆ ಹಾಗೆಯೇ ತಿರುಗಿ ಹೋದಳು. ಈಗ ಘಣಸೋಲಿಯಲ್ಲಿ ಒಬ್ಬಳೇ ಇದ್ದಾಳೆ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಅಕ್ಕ ಆಗಾಗ ಠಾಣೆಯಲ್ಲಿ ರೈಲು ಬದಲಿಸಿ ಅಲ್ಲಿಗೆ ಹೋಗಿಬರುತ್ತಾಳೆ. ಎಲ್ಲಿಗೆ ಹೋಗಿದ್ದೆ ಎಂದು ಭಾವ ಕೇಳುವುದಿಲ್ಲ, ಅವಳು ಹೇಳುವುದೂ ಇಲ್ಲ. ಅಪ್ಪನೂ ಮಗಳೂ ವರ್ಷಗಳಿಂದ ಮಾತು ಬಿಟ್ಟಿದ್ದಾರೆ. ಮೊದಮೊದಲು ಅಕ್ಕ ಇಬ್ಬರ ನಡುವೆ ಮಾತು ಹೊತ್ತು ತಿರುಗಿದಳು, ಆಮೇಲೆ, "ನನ್ನ ಬಾಯಿ ಬತ್ತಿಹೋಯ್ತು. ಬೇಕಿದ್ರೆ ಅವರೇ ಮಾತಾಡ್ಲಿ" ಎಂದು ಕೈಬಿಟ್ಟಳು.

ಚಿತ್ರಮಂದಿರದಿಂದ ಹೊರಗೆ ಬರುವಾಗ ಹಿಂದೆ ಇಬ್ಬರು ಹುಡುಗಿಯರು ಮಾತಾಡಿಕೊಳ್ಳುತ್ತಿದ್ದರು. "ವೋ ಬುಡ್ಢಾ ಏಕ್‌ದಮ್ ನ್ಯಾಚುರಲ್ ಥಾ" ಎಂದಳು ಒಬ್ಬಳು. "ಐಸಾ ಬಾಪ್ ಕಿಧರ್ ಹೋತಾ ಹೈ?" ಎಂದಳು ಇನ್ನೊಬ್ಬಳು. ಇಂಥ ಅಪ್ಪ ಎಲ್ಲಿರುತ್ತಾನೆಂದು ಇಬ್ಬರೂ ನಕ್ಕು ಮುಂದೆ ಹೋದರು. ನಾನು ಇಬ್ಬರ ಮಾತನ್ನೂ ಒಪ್ಪಬೇಕೆಂದುಕೊಂಡೆ, ಇಬ್ಬರೊಡನೆಯೂ ಜಗಳವಾಡಬೇಕೆಂದೂ ಅನ್ನಿಸಿತು. ಅಂದು ನನ್ನ ಲಿಫ್ಟಿನಲ್ಲಿ, ಮೇಲಿನ ಮಹಡಿಯ ಜೋಶಿ ಕಾಕು, "ಕಸಾ ಹೋತಾ ಪಿಚ್ಚರ್?" ಎಂದು ಕೇಳಿದಾಗ, ಎಂದೂ ಇಲ್ಲದಂತೆ ನಾನು ಮಹಡಿಯ ಅಂಕಿಗಳನ್ನೇ ನೋಡುತ್ತ ನಿಂತೆ.

ಗೆಳೆಯರೇ, ಆ ಕಣ್ಣೀರನ್ನು ಏನೆಂದು ಕರೆಯುವುದು? ಭಾವ ಎಂದರೆ ನೆಂಟನೂ ಹೌದು, ಮನಸ್ಸಿನೊಳಗಿನದೂ ಹೌದು. ನನ್ನ ಭಾವನ ಭಾವ ಯಾವುದು? ಮಗಳಿಗೆ ಹೇಳಲಾಗದ್ದನ್ನು ಯಾರದೋ ಮಗಳಿಗೆ ಹೇಳಿ ಹಗುರಾದರೇ? ಅಥವಾ ಗಿರಾಕಿ ಹೇಳಿದ್ದನ್ನು ತಂದಿಡುವ ಹಳೆಯ ಅಭ್ಯಾಸದಿಂದ, ಡೈರೆಕ್ಟರ್ ಕೇಳಿದ ಕಣ್ಣೀರನ್ನೂ ತಂದಿಟ್ಟರೇ? ಮೊದಲನೆಯದಾದರೆ ಪಾಪ ಅನ್ನಿಸುತ್ತದೆ, ಎರಡನೆಯದಾದರೆ ಸಿಟ್ಟು ಬರುತ್ತದೆ. ನನಗೆ ಒಮ್ಮೆ ಅದು, ಒಮ್ಮೆ ಇದು. ಕೆಲವೊಮ್ಮೆ ಎರಡೂ ಒಟ್ಟಿಗೆ.

ಮರುವಾರ ವೀಣಾ ಫೋನ್ ಮಾಡಿ ಬರಹೇಳಿದಳು. ಇಲ್ಲಿಯೇ ಹುಟ್ಟಿ ಬೆಳೆದವಳು, ಮಾತು ಕನ್ನಡದಲ್ಲಿ ಹೊರಟು ಹಿಂದಿಯಲ್ಲಿ ಇಳಿಯುತ್ತದೆ. ಘಣಸೋಲಿಯ ಮನೆಯಲ್ಲಿ ನಾನು ಕೂತು ನೀರು ಕುಡಿಯುವ ಮೊದಲೇ ಕೇಳಿದಳು.

"ಚಿಕ್ಕಮ್ಮ, ಪಪ್ಪಾ ಅಳ್ತಾರಾ? ಮೈನೇ ತೋ ಕಭೀ ನಹೀಂ ದೇಖಾ."

"ಪಿಕ್ಚರ್ ನೋಡಿದ್ಯಾ?"

"ಒಂದು ಸಲ ಫ್ರೆಂಡ್ಸ್ ಜೊತೆ. ಯಾರಿಗೂ ಹೇಳಲಿಲ್ಲ ನಮ್ಮ ಪಪ್ಪಾ ಅಂತ. ಆಮೇಲೆ ಒಬ್ಬಳೇ ಹೋದೆ."

ಅವಳು ಅಳಬಹುದು ಎಂದುಕೊಂಡಿದ್ದೆ. ಅಳಲಿಲ್ಲ. ನಮ್ಮ ಲಿಫ್ಟಿನವರಂತೆಯೇ, ಖಚಿತವಾಗಿ, ವಿಮರ್ಶೆಗೆ ತೊಡಗಿದಳು.

"ಬೇಕಾರ್ ಆಕ್ಟಿಂಗ್. ಪಪ್ಪಾ ತಲೆ ಮೇಲೆ ಕೈ ಇಡೋರೇ ಅಲ್ಲ. ಕಾಲೇಜ್ ಟ್ರಿಪ್‌ನಿಂದ ಬಂದಾಗ ಸ್ಟೇಷನ್‌ಗೆ ಬರ್ತಿದ್ರಲ್ಲ, ಮುಖ ಕೂಡ ನೋಡ್ತಿರ್ಲಿಲ್ಲ, ಸೀದಾ ಬ್ಯಾಗ್ ತಗೊಂಡು ನಡೀತಿದ್ರು. ಪೆಹಲೇ ಬ್ಯಾಗ್. ಆ ಹುಡುಗಿ ಕೈಯಲ್ಲಿ ಅಷ್ಟು ದೊಡ್ಡ ಬ್ಯಾಗ್ ಇತ್ತು, ಅವರು ನೋಡ್ಲೇ ಇಲ್ಲ. ಫೇಕ್ ಹೈ. ಬೋಲೋ ಉನ್ಕೋ."

"ನಾನು ಹೇಳ್ಬೇಕಾ?"

"ಅಮ್ಮ ಅಂತೂ ಹೇಳೋದಿಲ್ಲ."

ಹಿಂತಿರುಗುವಾಗ ರೈಲಿನಲ್ಲಿ ಇದೇ ಯೋಚನೆ. ಇದನ್ನು ಹೇಳುವುದೋ ಬೇಡವೋ? ಇದು ಬೈಗುಳವೋ, ದೂರೋ, ಕರೆಯೋ? ಅಪ್ಪನ ಕೈ ಏನು ಮಾಡುತ್ತದೆ ಎಂಬುದನ್ನು ಇಷ್ಟು ನೆನಪಿಟ್ಟುಕೊಂಡವಳು ಅವರನ್ನು ಬಿಟ್ಟಿದ್ದಾಳೆ ಎನ್ನುವುದು ಹೇಗೆ? ಬಿಟ್ಟಿಲ್ಲ ಎನ್ನುವುದಾದರೂ ಹೇಗೆ? ಡೊಂಬಿವಲಿಯಲ್ಲಿ ಇಳಿಯಬೇಕಾದವಳು ಇಳಿಯದೆ ಮುಂದಿನ ಸ್ಟೇಷನ್ನಿಗೆ, ಠಾಕುರ್ಲಿಗೆ, ಹೋಗಿಬಿಟ್ಟೆ.

ಭಾವ ಹಾಲಿನಲ್ಲಿ ಪೇಪರ್ ಹಾಸಿಕೊಂಡು ಚವಳಿಕಾಯಿಯ ನಾರು ತೆಗೆಯುತ್ತಿದ್ದರು. ಅಕ್ಕ ಒಳಗೆ ಅಡುಗೆಮನೆಯಲ್ಲಿ.

"ಪಿಕ್ಚರ್ ನೋಡಿದವರೆಲ್ಲ ಎಂತ ಹೇಳ್ತಾರೆ, ಮಾಲತಿ?" ಎಂದು ಕೇಳಿದರು.

ನಾನು ಕಟ್ಟಡದವರ ಹೊಗಳಿಕೆಯನ್ನೆಲ್ಲ ಒಪ್ಪಿಸಿದೆ. ಅವರು ತಲೆಯಾಡಿಸಿದರು, ಕಿವಿಗೊಟ್ಟಂತೆ ಕಾಣಲಿಲ್ಲ. "ಬೇರೆ ಯಾರೂ ನೋಡ್ಲಿಲ್ವಾ?"

"ಕೇಳುವುದಿದ್ರೆ ಹೆಸರು ಹಿಡಿದು ಕೇಳಿ" ಎಂದಳು ಅಕ್ಕ ಒಳಗಿನಿಂದಲೇ.

ಭಾವ ಹೆಸರು ಹಿಡಿಯಲಿಲ್ಲ. ಕಾಯಿಯ ತುದಿ ಮುರಿಯುತ್ತ ಕೂತರು. ನಾನೇ ಹೇಳಿದೆ. ಅವಳು ಹೇಳಿದ್ದನ್ನೆಲ್ಲ, ಒಂದು ಮಾತೂ ಬಿಡದೆ, ಫೇಕು ಎಂದದ್ದನ್ನೂ ಸೇರಿಸಿ. ಹೇಳಿ ಮುಗಿಸಿದ ಮೇಲೆ ಹೆದರಿಕೆಯಾಯಿತು.

ಭಾವ ನಿಜವಾಗಿ ನೊಂದವರಂತೆ ಹೇಳಿದರು: "ಅದನ್ನು ನಾನೂ ಹೇಳಿದ್ದೆ. ಮೊದಲು ಬ್ಯಾಗು ತಗೊಳ್ತೇನೆ ಅಂತ. ಆ ಡೈರೆಕ್ಟರ್ ಹುಡುಗ ಕೇಳ್ಲಿಲ್ಲ. ಅಂಕಲ್, ಬ್ಯಾಗ್ ಫ್ರೇಮಿನಲ್ಲಿ ಬರುವುದಿಲ್ಲ, ತಲೆ ಮೇಲೆ ಕೈ ಇಡಿ ಅಂದ. ನಾನೆಂತ ಮಾಡುವುದು?" ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, "ಗೊತ್ತಿಲ್ಲದೆ ಹಾಗೆಲ್ಲ ಹೇಳಬಾರದು ಅವಳು. ಫೋನ್ ಮಾಡು" ಎಂದರು.

ನನಗೆ ಕೇಳಿಸಿದ್ದು ಸರಿಯೇ ಎಂದು ಅಡುಗೆಮನೆಯ ಕಡೆ ನೋಡಿದೆ. ಅಕ್ಕ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ನಾನು ಕರೆ ಮಾಡಿ, ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದೆ. ವೀಣಾ ಹಲೋ ಅಂದದ್ದೇ ತಡ, ಹೇಗಿದ್ದೀಯ ಎನ್ನದೆ, ಉಂಡೆಯಾ ಎನ್ನದೆ, ಇಷ್ಟು ವರ್ಷಗಳ ಮೇಲೆ ಭಾವ ಶುರುಮಾಡಿದ್ದು ಹೀಗೆ:

"ಅಲ್ಲ, ನೀನು ಫೇಕ್ ಅಂದ್ಯಂತೆ?"

ಆ ಕಡೆಯಿಂದ, "ಹಾಂ. ಬ್ಯಾಗ್ ನೋಡ್ಲೇ ಇಲ್ಲ ನೀವು."

ಭಾವ ಫ್ರೇಮಿನ ಕಥೆ ಹೇಳಿದರು. ಅವಳು ಒಪ್ಪಲಿಲ್ಲ. ಕ್ಯಾಮೆರಾ ಕೆಳಗಿಳಿಸಬೇಕಿತ್ತು ಅಂದಳು. ಅದು ನನ್ನ ಕೈಯಲ್ಲಿದೆಯಾ ಎಂದರು ಇವರು. ಕೇಳುತ್ತಿದ್ದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರೂ ಒಂದು ಸಿನಿಮಾದ ಬಗ್ಗೆ ಜಗಳವಾಡುತ್ತಿದ್ದರು, ಅಷ್ಟೇ.

"ಆವಾಜ್ ಭೀ ಆಪ್ಕಾ ನಹೀಂ ಥಾ" ಎಂದು ದನಿಯ ಬಗ್ಗೆಯೂ ತಕರಾರು ತೆಗೆದಳು ವೀಣಾ.

"ನನ್ನದೇ ಇತ್ತು. ನಾನು ಸರಿಯಾಗಿಯೇ ಹೇಳಿದ್ದೆ. ಆಮೇಲೆ ಅವರು ತೆಗೆದ್ರು."

"ಹೇಗೆ ಹೇಳಿದ್ರಿ?"

"ಪಿಕ್ಚರಿನಲ್ಲಿ ಇದ್ದ ಹಾಗೆಯೇ."

"ಬೋಲೋ ನಾ."

ಭಾವ ಕೈಗಂಟಿದ ನಾರನ್ನು ಪಂಚೆಗೆ ಒರೆಸಿಕೊಂಡರು. ಬೆನ್ನು ನೆಟ್ಟಗೆ ಮಾಡಿದರು. ಗಂಟಲು ಸರಿಮಾಡಿಕೊಂಡು, ನಮ್ಮ ಹೊಟೇಲು ಹಿಂದಿಯಲ್ಲಿ, ಒಂದೇ ಉಸಿರಿಗೆ ಹೇಳಿದರು: "ಅಂದರ್ ಆ ಬೇಟಾ. ಪೆಹಲೇ ಖಾನಾ ಖಾ."

"ಥೋಡಾ ಫಾಸ್ಟ್ ಹೋ ಗಯಾ" ಎಂದಳು ವೀಣಾ. ಅವಳ ದನಿ ಸರಿಯಿರಲಿಲ್ಲ.

"ಹೌದಾ?" ಎಂದ ಭಾವ ಸ್ವಲ್ಪ ಯೋಚಿಸಿದರು. ಎರಡನೆಯ ಸಲ ಹಿಂದಿಯಲ್ಲಿ ಹೇಳಲಿಲ್ಲ. ಅವಳು ಸಣ್ಣವಳಿದ್ದಾಗ ಅವಳೊಡನೆ ಆಡುತ್ತಿದ್ದ ತುಳುವಿನಲ್ಲಿ, ಮೆಲ್ಲಗೆ, "ಉಲಾಯಿ ಬಲ" ಅಂದರು. ಒಳಗೆ ಬಾ ಎಂದು.

ಈ ಸಲ ಅಭಿಪ್ರಾಯ ಬರಲಿಲ್ಲ. ಫೋನಿನಲ್ಲಿ ಘಣಸೋಲಿಯ ಫ್ಯಾನಿನ ಸದ್ದು ಮಾತ್ರ. ಆಮೇಲೆ ವೀಣಾ ಕೇಳಿದಳು: "ಸಂಡೇ ಬರ್ಲಾ?"

ಭಾವ ಫೋನನ್ನು ನನ್ನ ಕಡೆ ಸರಿಸಿ, ತೀರ ಗಲಿಬಿಲಿಗೊಂಡ ಮುಖದಿಂದ ನನ್ನನ್ನೂ ಅಕ್ಕನನ್ನೂ ನೋಡಿ, ಪಿಸುದನಿಯಲ್ಲಿ ಹೇಳಿದರು: "ಈಗ ಎಂತ ಹೇಳುವುದು? ಅಲ್ಲಿಗೇ ಕಟ್ ಅಂದಿದ್ರು."

ಬಾ ಎಂದು ಹೇಳಿದವಳು ಅಕ್ಕ.

ಭಾನುವಾರ ನಾನು ಹೋಗಲಿಲ್ಲ. ಹೋಗುವುದು ಸರಿಯೋ ತಪ್ಪೋ ಎಂದು ಸೀರೆ ಉಟ್ಟು ಕೂತೇ ಸಂಜೆಯಾಯಿತು. ಆ ಹಳೆಯ ದಿನದ ಮಾತನ್ನು ಯಾರಾದರೂ ಎತ್ತಿದರೇ, ಯಾರಾದರೂ ತಪ್ಪಾಯಿತು ಎಂದರೇ, ಅಥವಾ ಮೂವರೂ ಚೆನ್ನಾಗಿ ನಟಿಸಿ ಊಟ ಮುಗಿಸಿದರೇ, ನನಗೆ ಇಂದಿಗೂ ಗೊತ್ತಿಲ್ಲ. ಅಕ್ಕನನ್ನು ಕೇಳಿದರೆ, ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂದಳು. ಭಾವನನ್ನು ಕೇಳಿದರೆ, "ಬಂದಿದ್ಲು. ಉಂಡಳು. ಪಿಕ್ಚರ್ ಅವಳಿಗೆ ಹಿಡಿಸ್ಲೇ ಇಲ್ಲ ನೋಡು" ಎಂದು ಹೇಳಿದರು. ಅಷ್ಟು ಸಂತೋಷದಿಂದ ಅವರು ಮಾತಾಡಿದ್ದನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ.