ಒಂದು ಗೋಲು, ಎರಡು ಸಂಘ ಮತ್ತು ನಿಂತುಹೋದ ನನ್ನ ಮದುವೆ

ಓದುವ ಮಹನೀಯರ ಅವಗಾಹನೆಗೆ ತರುವುದೇನೆಂದರೆ, ನಾನು ಈವರೆಗೆ ಊರಿನವರ ಪರವಾಗಿ ಅಮಲ್ದಾರರ ಕಚೇರಿಗೆ ಅರ್ಜಿಗಳನ್ನು ಬರೆದಿದ್ದೇನೆಯೇ ಹೊರತು, ಓದಿ ಸಂತೋಷಪಡಲೆಂದು ಯಾರಿಗೂ ಏನನ್ನೂ ಬರೆದವನಲ್ಲ. ಆದಕಾರಣ ಈ ಬರಹದಲ್ಲಿ ಅರ್ಜಿಯ ಧಾಟಿ ಕಂಡುಬಂದರೆ ಮನ್ನಿಸಬೇಕು. ಬೇರೆ ಧಾಟಿಯಲ್ಲಿ ಬರೆಯಲು ಪ್ರಯತ್ನಿಸಿ, ಓದಿ ನೋಡಿ, ಹರಿದುಹಾಕಿದ್ದೇನೆ. ವಿಷಯ ಮಾತ್ರ ಇಷ್ಟು: ನಮ್ಮ ಊರಿನಲ್ಲಿ ಎರಡು ಫುಟ್‌ಬಾಲ್ ಸಂಘಗಳು ಹುಟ್ಟಿದ ಬಗೆ, ಮತ್ತು ಅವು ಹುಟ್ಟಿದ್ದರಿಂದ ನಿಶ್ಚಯವಾಗಿದ್ದ ನನ್ನ ಮದುವೆ ನಿಂತುಹೋದದ್ದು.

ನಮ್ಮ ಊರು ಸೂಲಿಬೆಲೆಯಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿದೆ. ಯುದ್ಧದ ಕಾಲದಲ್ಲಿ ಮಿಲಿಟರಿಯವರ ಕೆಲವು ಲಾರಿಗಳು ನಮ್ಮ ಕೆರೆಯ ಪಕ್ಕದಲ್ಲಿ ತಂಗಿದ್ದವು. ಹೊರಡುವ ದಿನ ಸಿಪಾಯಿಗಳು ನಾಟಿ ಕೋಳಿಗಳನ್ನು ತೆಗೆದುಕೊಂಡು, ಬದಲಿಗೆ ಒಂದು ಚೆಂಡನ್ನು ಕೊಟ್ಟು ಹೋದರು. ಸದರಿ ಚೆಂಡಿಗೆ ಹೊರಗೆ ತೊಗಲಿನ ಹೊದಿಕೆ, ಒಳಗೆ ರಬ್ಬರಿನ ಬ್ಲಾಡರ್. ಬ್ಲಾಡರಿಗೆ ಗಾಳಿ ತುಂಬಿ, ತೊಗಲಿನ ಬಾಯಿಯನ್ನು ದಾರದಿಂದ ಬಿಗಿದರೆ ಚೆಂಡು ಸಿದ್ಧ. ಗಾಳಿ ತುಂಬಲು ಪಟೇಲರ ಸೈಕಲ್ ಪಂಪು ಇತ್ತು. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳವೇ ಮೈದಾನವಾಯಿತು.

ನಮ್ಮ ತಂದೆಯವರು ಮೇಲುಬೀದಿಯವರು. ತಾಯಿಯ ತವರು ಅದೇ ಊರಿನ ಕೆಳಬೀದಿ. ತಾಯಿಯ ಅಣ್ಣ, ಅಂದರೆ ನನ್ನ ಸೋದರಮಾವ, ಮತ್ತು ನಮ್ಮ ತಂದೆ ಒಂದೇ ವಾರಿಗೆಯವರು; ಒಬ್ಬರನ್ನೊಬ್ಬರು ಭಾವ ಎನ್ನುತ್ತ ಒಂದೇ ಎಲೆಅಡಿಕೆ ಚೀಲದಿಂದ ಹಾಕಿಕೊಳ್ಳುತ್ತಿದ್ದರು. ಇಬ್ಬರೂ ಪಂಚೆಯನ್ನು ಕಚ್ಚೆ ಕಟ್ಟಿ ಮುಂದುಗಡೆ ಆಡುತ್ತಿದ್ದರು. ಮಾವನ ಹಿರಿಯ ಮಗಳನ್ನು ನನಗೆ ತರುವುದೆಂದು ಎಂದೋ ಮಾತಾಗಿತ್ತು. ಅವಳಿಗೂ ನನಗೂ ಒಪ್ಪಿಗೆ ಇತ್ತು. ಒಪ್ಪಿಗೆ ಎಂಬ ಶಬ್ದ ನಿಜಸ್ಥಿತಿಗಿಂತ ಕಡಿಮೆಯೇ ಆಯಿತು.

ಹೀಗಿರಲಾಗಿ ಹೊಸಕೋಟೆ ಕಡೆಯ ಒಂದು ತಂಡ ನಮ್ಮ ಊರಿಗೆ ಆಡಲು ಬಂದಿತು. ಅವರಲ್ಲಿ ಕೆಲವರಿಗೆ ಬೂಟುಗಳಿದ್ದವು. ಆಟ ಮುಗಿಯುವ ಹೊತ್ತಿಗೆ ಅವರ ಗೋಲಿನ ಮುಂದೆ ದೊಡ್ಡ ನೂಕುನುಗ್ಗಲಾಗಿ, ಧೂಳೆದ್ದು, ಚೆಂಡು ಗೋಲಿಗೆಂದು ನೆಟ್ಟಿದ್ದ ಎರಡು ಬಿದಿರುಗಳ ನಡುವೆ ಹೊರಬಿದ್ದಿತು. ನಾವು ಗೆದ್ದೆವು. ಧೂಳು ಅಡಗಿದಾಗ ನಮ್ಮ ತಂದೆ ಒಂದು ಕಾಲೆತ್ತಿ ನಿಂತಿದ್ದರು. ಮಾವನೂ ಒಂದು ಕಾಲೆತ್ತಿ ನಿಂತಿದ್ದರು.

"ಹೆಂಗೆ ಒದ್ದೆ ನೋಡಿದ್ಯಾ ಭಾವ," ಎಂದರು ತಂದೆ.

"ನೀನೆಲ್ಲಿ ಒದ್ದೆ ಭಾವ, ಒದ್ದೋನು ನಾನು. ನೀನು ಒದ್ದಿದ್ದು ನನ್ನ ಮೀನಖಂಡ," ಎಂದರು ಮಾವ.

ಗೆದ್ದ ಸಂತೋಷ ಅಲ್ಲಿಗೆ ಮುಗಿಯಿತು. ಸಂಜೆಯ ಹೊತ್ತಿಗೆ ಮೇಲುಬೀದಿಯವರೆಲ್ಲ ತಂದೆಯ ಕಾಲಿನ ಪಕ್ಷ, ಕೆಳಬೀದಿಯವರೆಲ್ಲ ಮಾವನ ಕಾಲಿನ ಪಕ್ಷ ಆಗಿದ್ದರು. ಬೇರೆ ಬೇರೆ ಸಂಘ ಆಗಲೇಬೇಕೆಂದು ಇಬ್ಬರೂ ಹಠ ಹಿಡಿದುದರಿಂದ ಪಟೇಲರು ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿಸಿದರು. ಅಣ್ಣತಮ್ಮಂದಿರು ಬೇರೆಯಾಗುವಾಗಿನ ಪದ್ಧತಿಯ ಹೊರತು ಪಂಚಾಯಿತಿಗೆ ಬೇರೆ ಪದ್ಧತಿ ತಿಳಿದಿರಲಿಲ್ಲ. ಹಿರಿಯನು ಭಾಗ ಮಾಡತಕ್ಕದ್ದು, ಕಿರಿಯನು ಮೊದಲು ಆರಿಸಿಕೊಳ್ಳತಕ್ಕದ್ದು. ಮಾವ ಕೆಲವು ತಿಂಗಳ ಮಟ್ಟಿಗೆ ಹಿರಿಯರು. ಚೆಂಡನ್ನು ಇಡಿಯಾಗಿ ಒಂದು ಭಾಗಕ್ಕೆ ಇಟ್ಟರೆ ತಂದೆ ಅದನ್ನೇ ಎತ್ತಿಕೊಳ್ಳುವರೆಂದು ಅವರು ದಾರ ಬಿಚ್ಚಿ, ತೊಗಲನ್ನು ಒಂದು ಕಡೆ, ಬ್ಲಾಡರನ್ನು ಇನ್ನೊಂದು ಕಡೆ ಇಟ್ಟರು. ಒಂದೊಂದರ ಪಕ್ಕದಲ್ಲಿ ಒಂದೊಂದು ಜೊತೆ ಬಿದಿರು. ತಂದೆ ಬಹಳ ಹೊತ್ತು ಯೋಚಿಸಿ ತೊಗಲನ್ನು ಎತ್ತಿಕೊಂಡರು. ನ್ಯಾಯವಾಗಿ ಭಾಗವಾಯಿತೆಂದು ಪಟೇಲರು ಎಲೆಅಡಿಕೆ ಹಂಚಿದರು.

ಹೀಗೆ ಎರಡು ಸಂಘಗಳು ಅಸ್ತಿತ್ವಕ್ಕೆ ಬಂದವು. ಮೇಲುಬೀದಿಯವರು ತೊಗಲಿಗೆ ರಾಗಿ ಹುಲ್ಲು ತುರುಕಿ ಅಭ್ಯಾಸ ಮಾಡಿದರು. ಅದು ಕುಂಬಳಕಾಯಿಯಂತೆ ಕುಳಿತಲ್ಲಿಯೇ ಕುಳಿತಿರುತ್ತಿದ್ದುದರಿಂದ ಅವರಿಗೆ ಎತ್ತಿನ ಹಾಗೆ ಒದೆಯುವುದು ರೂಢಿಯಾಯಿತು. ಕೆಳಬೀದಿಯವರು ಬರೀ ಬ್ಲಾಡರಿಗೆ ಗಾಳಿ ತುಂಬಿ, ಮುಳ್ಳು ತಾಗೀತೆಂಬ ಭಯದಿಂದ ಮಗುವನ್ನು ಎಬ್ಬಿಸುವವರ ಹಾಗೆ ಕಾಲ ತುದಿಯಿಂದ ಮುಟ್ಟುತ್ತಿದ್ದರು. ಗಾಳಿ ಬೀಸಿದರೆ ಸಂಘವೆಲ್ಲ ಹುರುಳಿ ಹೊಲದಲ್ಲಿ ಅದರ ಹಿಂದೆ ಓಡುತ್ತಿತ್ತು. ಮೇಲುಬೀದಿಯ ಒದೆತ, ಕೆಳಬೀದಿಯ ನಯ ಎಂದು ಸುತ್ತಿನ ಊರಿನವರು ಇಂದಿಗೂ ಹೇಳುವುದುಂಟು. ಅದರ ಮೂಲ ಇಷ್ಟೇ.

ಇನ್ನೊಂದು ಸಂಗತಿಯನ್ನೂ ನಮೂದಿಸಬೇಕು. ಈ ಎರಡು ಸಂಘಗಳು ಬೇರೆ ಯಾರೊಡನೆಯೂ ಆಡುವಂತಿರಲಿಲ್ಲ. ಇಬ್ಬರೂ ಎದುರಾದಾಗ ಮಾತ್ರ ಚೆಂಡು ಪೂರ್ತಿಯಾಗುತ್ತಿತ್ತು. ಕಡುವೈರಿಗಳು ಕುಳಿತು ಒಬ್ಬರು ಬ್ಲಾಡರ್ ಹಿಡಿದು, ಇನ್ನೊಬ್ಬರು ತೊಗಲು ಅಗಲಿಸಿ, ಮೊಳಕಾಲಿಗೆ ಮೊಳಕಾಲು ತಾಗಿಸಿ ಚೆಂಡನ್ನು ಕಟ್ಟುತ್ತಿದ್ದರು. ಆಟ ಮುಗಿದ ಕೂಡಲೇ ಬಿಚ್ಚಿಕೊಂಡು ತಮ್ಮ ತಮ್ಮ ಭಾಗವನ್ನು ಮನೆಗೆ ಒಯ್ಯುತ್ತಿದ್ದರು. ಮೇಲುಬೀದಿ ಗೆದ್ದ ದಿನ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಇರುತ್ತಿರಲಿಲ್ಲ. ತಂದೆ ಕೇಳಿದರೆ ತಾಯಿ, "ಗೆದ್ದೋರ್ಗೆ ಉಪ್ಪು ಯಾಕೆ, ನಮ್ಮಣ್ಣನ ಬೆವರೈತಲ್ಲ," ಎನ್ನುತ್ತಿದ್ದರು.

ನನ್ನ ಮದುವೆ ಇಲ್ಲಿ ಸಿಕ್ಕಿಕೊಂಡಿತು. ಚೆಂಡು ಭಾಗವಾಗಿದ್ದರೂ ಗೋಲು ಯಾರದೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಆ ಗೋಲಾದ ದಿನ ನಾನು ನಮ್ಮ ಊರಿನ ಗೋಲು ಕಾಯುತ್ತಿದ್ದೆನು, ಅಂದರೆ ಮೈದಾನದ ಇನ್ನೊಂದು ತುದಿಯಲ್ಲಿದ್ದೆನು. ನಾನು ಕಂಡದ್ದು ಧೂಳು. ಆದರೆ ಎರಡು ಕಡೆಗೂ ಬೇಕಾದವನು ನಾನೊಬ್ಬನೇ ಆದುದರಿಂದ ಸಾಕ್ಷಿಯೆಂದು ನನ್ನನ್ನೇ ಆರಿಸಿದರು.

ಮಾವ ನನ್ನನ್ನು ಕಣದ ಹತ್ತಿರ ನಿಲ್ಲಿಸಿ, "ಏನಪ್ಪಾ ಅಳಿಯ, ಪಂಚಾಯ್ತೀಲಿ ನಿಂತು ಅದು ಮಾವನ ಕಾಲು ಅಂತ ಹೇಳ್ಬಿಡು. ನಾಳೆನೇ ಚಪ್ಪರ ಹಾಕಿಸ್ತೀನಿ. ಹೇಳ್ದೆ ಇದ್ರೆ ನನ್ನ ಮಗಳಿಗೆ ಸಾಸಲು ಕಡೆಯಿಂದ ಒಂದು ಗಂಡು ಕೇಳ್ತಾವ್ರೆ," ಎಂದರು.

ಮನೆಗೆ ಬಂದರೆ ತಂದೆ, "ಅವನ ಕಾಲು ಅಂತ ಹೇಳಿದ್ರೆ ಅಲ್ಲೇ ಮನೆಅಳಿಯ ಆಗಿ ಇದ್ಬಿಡು. ಈ ಹೊಸ್ತಿಲು ತುಳೀಬೇಡ," ಎಂದರು.

ನಾನು ಊಟ ಬಿಟ್ಟೆನು. ಯಾರೂ ಗಮನಿಸಲಿಲ್ಲ, ಆ ವಾರ ಸಾರಿಗೆ ಉಪ್ಪಿಲ್ಲದೆ ಮನೆಯವರೆಲ್ಲರೂ ಅರ್ಧ ಊಟ ಬಿಟ್ಟಿದ್ದರು.

ಕೊನೆಗೆ ಕೆರೆ ಏರಿಯ ಮೇಲೆ, ಏರಿಯಾಚೆಯ ಬಾವಿಯಿಂದ ನೀರು ತರುವ ನೆಪದಲ್ಲಿ, ಮಾವನ ಮಗಳು ಸಿಕ್ಕಿದಳು. ನನ್ನ ಕಷ್ಟವನ್ನೆಲ್ಲ ಕೇಳಿ ಸೊಂಟದ ಕೊಡವನ್ನು ಕೆಳಗಿಟ್ಟಳು.

"ಅವತ್ತು ನಾನು ಇಲ್ಲೇ ನಿಂತಿದ್ದೆ ಭಾವ. ಏರಿ ಮೇಲಿಂದ ಎಲ್ಲ ಕಾಣ್ಸ್ತದೆ. ಒದ್ದಿದ್ದು ಅಪ್ಪನೂ ಅಲ್ಲ, ನಿಮ್ಮಪ್ಪನೂ ಅಲ್ಲ."

"ಮತ್ತೆ ಯಾರು?"

"ಆ ಹೊಸಕೋಟೆ ಕಡೆಯೋನು, ಬೂಟು ಹಾಕ್ಕೊಂಡಿದ್ನಲ್ಲ ಸಣಕಲ. ಇವರಿಬ್ರೂ ನುಗ್ಗಿದ್ದು ನೋಡಿ ಗಾಬರಿ ಬಿದ್ದು ತನ್ನ ಗೋಲಿಗೆ ತಾನೇ ಒದ್ದ. ನಮ್ಮೋರಿಬ್ರೂ ಒಬ್ರನ್ನೊಬ್ರು ಒದ್ಕೊಂಡ್ರು, ಅಷ್ಟೇಯ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು?"

ನಾನು ಬಹಳ ಯೋಚಿಸಿದೆನು. ಸತ್ಯವನ್ನು ಹೇಳಿದರೆ ಯಾರ ಪಕ್ಷವನ್ನೂ ವಹಿಸಿದಂತಾಗುವುದಿಲ್ಲ. ಇಬ್ಬರಿಗೂ ಸಮಾಧಾನವಾಗಿ ಮದುವೆ ನಡೆದೀತು ಎಂದು ನಂಬಿದೆನು. ಅರಳಿಕಟ್ಟೆಯಲ್ಲಿ ಎರಡು ಬೀದಿಗಳೂ ಸೇರಿದ್ದ ದಿನ ಎದ್ದು ನಿಂತು, ಸದರಿ ಗೋಲನ್ನು ಎದುರು ತಂಡದವನೇ ಹೊಡೆದನೆಂದೂ, ನಮ್ಮವರಿಬ್ಬರ ಕಾಲುಗಳಿಗೂ ಚೆಂಡಿಗೂ ಯಾವ ಸಂಬಂಧವೂ ಇಲ್ಲವೆಂದೂ ಅರಿಕೆ ಮಾಡಿದೆನು.

ತಂದೆ ಮಾವನ ಮುಖ ನೋಡಿದರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಮಾತನಾಡಿದರು.

"ಕೇಳಿದ್ಯಾ ಭಾವ. ಇವನ ಪ್ರಕಾರ ನಾವಿಬ್ರೂ ಒದ್ದೇ ಇಲ್ವಂತೆ."

"ಕೇಳಿದೆ ಭಾವ. ನಿನ್ನ ಮಗ ಹುಟ್ಟುಕುರುಡ ಅಂತ ನಂಗೆ ಗೊತ್ತಿರ್ಲಿಲ್ಲ." ಮಾವ ನನ್ನ ಕಡೆ ತಿರುಗಿದರು. "ಲೇ, ಯಾವನ್ಲಾ ನಿಂಗೆ ಇದನ್ನ ಹೇಳ್ಕೊಟ್ಟೋನು?"

ಹೆಂಗಸರು ನಿಂತಿದ್ದ ಕಡೆಯಿಂದ ಧ್ವನಿ ಬಂದಿತು. "ನಾನೇ ಹೇಳಿದ್ದು ಕಣಪ್ಪ. ನಾನು ನೋಡಿದೀನಿ."

ಮಾವ ಕಟ್ಟೆಯ ಮೇಲೆ ಕುಸಿದು ಕುಳಿತರು. ತಂದೆ ಅವರ ಪಕ್ಕದಲ್ಲಿ ಕುಳಿತು, ಬಹು ದಿನಗಳಿಂದ ಮುಚ್ಚಿದ್ದ ಎಲೆಅಡಿಕೆ ಚೀಲವನ್ನು ಅವರ ಮುಂದೆ ಬಿಚ್ಚಿದರು.

"ಇಂಥ ಮಾತಾಡೋಳನ್ನ ಸಾಸಲಿನೋರಿಗೆ ಕೊಟ್ರೆ ನಮ್ಮೂರ ಮರ್ಯಾದೆ ಉಳಿಯುತ್ತಾ ಭಾವ," ಎಂದರು ಮಾವ ಅಡಿಕೆ ಆರಿಸುತ್ತ.

"ಇಂಥೋನಿಗೆ ಹೊರಗಿನೋರು ಹೆಣ್ಣು ಕೊಟ್ಟಾರಾ," ಎಂದರು ತಂದೆ. "ಅವಳಿಗೆ ಇವನೇ ಸರಿ, ಇವನಿಗೆ ಅವಳೇ ಸರಿ. ಅನುಭವಿಸ್ಲಿ ಇಬ್ರೂ."

ಆ ಪ್ರಕಾರ ನಮಗೆ ಶಿಕ್ಷೆಯಾಯಿತು. ಮುಂದಿನ ಲಗ್ನದಲ್ಲಿಯೇ ಮದುವೆ ನಡೆಯಿತು. ಧಾರೆ ಎರೆಯುವಾಗಲೂ ಮಾವ ನನ್ನ ಕಿವಿಯಲ್ಲಿ, "ಈಗಲಾದ್ರೂ ಹೇಳು, ನನ್ನ ಕಾಲಲ್ವಾ," ಎಂದರು. ಸಂಘಗಳು ಒಂದಾಗಲಿಲ್ಲ. ಗೋಲು ತನ್ನದೆಂದು ಇಬ್ಬರೂ ಕೊನೆಯವರೆಗೂ ಹೇಳಿದರು. ಅದು ಎದುರಾಳಿಯದೆಂಬ ಮಾತನ್ನು ಮಾತ್ರ ಇಬ್ಬರೂ ಸೇರಿ ಖಂಡಿಸುತ್ತಿದ್ದರು.

ಮದುವೆಯಾದ ಮೇಲೆ ನನ್ನನ್ನು ಯಾವ ಸಂಘವೂ ಸೇರಿಸಿಕೊಳ್ಳಲಿಲ್ಲ. ಒಂದಕ್ಕೆ ನಾನು ಮಗ, ಇನ್ನೊಂದಕ್ಕೆ ಅಳಿಯ. ಆಟದ ತೀರ್ಪು ಹೇಳುತ್ತಿದ್ದ ಪಟೇಲರು ಬೈಗುಳ ತಿಂದು ಸಾಕಾಗಿ ಸೀಟಿಯನ್ನು ಕೆಳಗಿಟ್ಟಾಗ, ಎರಡು ಸಂಘಗಳೂ ಹುಟ್ಟಿದಂದಿನಿಂದ ಮೊದಲ ಬಾರಿಗೆ ಒಂದೇ ಮನಸ್ಸಿನಿಂದ ನನ್ನ ಹೆಸರನ್ನು ಸೂಚಿಸಿದವು. ಏನನ್ನೂ ಕಾಣದವನು ಪಕ್ಷಪಾತವನ್ನಾದರೂ ಹೇಗೆ ಮಾಡಿಯಾನು ಎಂಬುದು ಅವರ ಸಮರ್ಥನೆ.

ಸೀಟಿ ಬಹಳ ವರ್ಷ ನನ್ನ ಬಳಿ ಇತ್ತು. ಗೋಲಿನ ಮುಂದೆ ಧೂಳೆದ್ದಾಗಲೆಲ್ಲ ನಾನು ಏರಿಯ ಕಡೆ ನೋಡುತ್ತಿದ್ದೆನು. ಅಲ್ಲಿ ನನ್ನ ಹೆಂಡತಿ ಕೊಡ ಹೊತ್ತು ನಿಂತಿರುತ್ತಿದ್ದಳು. ಕೊಡವನ್ನು ಕೆಳಗಿಟ್ಟರೆ ಗೋಲು. ಸೊಂಟದಲ್ಲಿಯೇ ಇಟ್ಟುಕೊಂಡರೆ ಗೋಲಲ್ಲ. ಅವಳು ತವರಿನ ಕಡೆ ವಾಲುತ್ತಾಳೇನೋ ಎಂಬ ಅನುಮಾನ ನನಗೆ ಮೊದಮೊದಲು ಇತ್ತು. ಒಂದು ದಿನ ಕೊನೆಯ ಗಳಿಗೆಯಲ್ಲಿ ಮಾವನೇ ಚೆಂಡಿನೊಡನೆ ಬಿದಿರುಗಳ ನಡುವೆ ಬಿದ್ದು, ಮೈತುಂಬ ಮಣ್ಣಾಗಿ, ಅಲ್ಲಿಂದಲೇ ನನ್ನ ಕಡೆ ಕೈಯೆತ್ತಿದರು.

"ಅಳಿಯ, ನೋಡಿದ್ಯಲ್ಲಪ್ಪ," ಎಂದರು.

ನಾನು ಏರಿಯ ಕಡೆ ನೋಡಿದೆನು. ಅವಳೂ ತನ್ನ ತಂದೆಯನ್ನೇ ನೋಡುತ್ತಿದ್ದಳು. ಕೊಡವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು, ಕೆಳಗೆ ಇಡಲಿಲ್ಲ.